ದಂಡಿಗೆ ಹೋಗುವವನ ಲೆಕ್ಕ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಸೈನ್ಯದ ಪರಿಚಯವಾದದ್ದು ಶಬ್ದಗಳ ಮೂಲಕ. ದಂಡು, ಪಡೆ, ಪಾಳೆಯ, ದಳವಾಯಿ ಎಂದರೆ ಗಂಟೆಗಟ್ಟಲೆ ಮಾತಾಡಿಯೇನು. ಬಂದೂಕನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಮಾತ್ರ ನನ್ನನ್ನು ಕೇಳಬಾರದು. ಶಬ್ದಗಳಿಗೂ ಬಡ್ತಿ, ಹಿಂಬಡ್ತಿಗಳು ಉಂಟಷ್ಟೆ. ಹಿಂದೆ ಕಾಲಾಳಾಗಿದ್ದ ‘ಪೇದೆ’ ಈಗ ಪೊಲೀಸು ಠಾಣೆ ಸೇರಿದ್ದಾನೆ. ‘ನಾಯಕ’ನ ಗತಿಯಂತೂ ಹೇಳತೀರದು. ವಿಜಯನಗರದ ಕಾಲದಲ್ಲಿ ನಾಡಾಳಿದವನು, ಇಂದಿನ ಭೂಸೇನೆಯಲ್ಲಿ ತೋಳಿಗೆ ಎರಡು ಪಟ್ಟಿ ಧರಿಸಿ ಹವಾಲ್ದಾರನ ಮುಂದೆ ನೆಟ್ಟಗೆ ನಿಲ್ಲುತ್ತಾನೆ. ನನ್ನ ಹಾಜರಿ ಪುಸ್ತಕದಲ್ಲಿರುವ ಮೂವರು ನಾಯಕರಿಗೆ ಇದನ್ನು ತಿಳಿಸಿದಾಗ ಅವರಿಗೇನೂ ಸಂತೋಷವಾಗಲಿಲ್ಲ.

ನನಗಿದನ್ನು ಕಲಿಸಿದವನು ಎನ್.ಸಿ.ಸಿ.ಯಲ್ಲಿರುವ ನನ್ನೊಬ್ಬ ವಿದ್ಯಾರ್ಥಿ. ಹತ್ತು ಮಂದಿಗೊಂದು ಸೆಕ್ಷನ್, ಮೂರು ಸೆಕ್ಷನ್ನಿಗೊಂದು ಪ್ಲಟೂನು, ಆಮೇಲೆ ಕಂಪನಿ, ಬೆಟಾಲಿಯನ್, ಬ್ರಿಗೇಡು, ಡಿವಿಷನ್ನು ಎಂದು ಅವನು ಏರುತ್ತ ಹೋದ. ನೆಲ, ಜಲ, ಆಕಾಶಗಳ ಮೂರು ಸೇನೆಗೂ ಒಬ್ಬೊಬ್ಬ ಮುಖ್ಯಸ್ಥ. 2020ರಿಂದ ಮೂವರನ್ನೂ ಹೊಂದಿಸಲು ಇನ್ನೊಬ್ಬರು. ಸರ್ವೋಚ್ಚ ದಂಡನಾಯಕತ್ವ ರಾಷ್ಟ್ರಪತಿಗಳದು. ಯುದ್ಧದ ತೀರ್ಮಾನವಾದರೋ ಮತ ಹಾಕಿಸಿಕೊಂಡು ಬಂದ ಮಂತ್ರಿಮಂಡಲದ್ದು. ನೆರೆಹೊರೆಯ ದೇಶಗಳನ್ನು ನೋಡಿದವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ಕೊಡಗಿನಲ್ಲಿ ಇದನ್ನು ಯಾರೂ ಹುಡುಗರಿಂದ ಕಲಿಯಬೇಕಾಗಿಲ್ಲ. ಅಲ್ಲಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ತಿಮ್ಮಯ್ಯನವರು 1957ರಲ್ಲಿ ಅದರ ಮುಖ್ಯಸ್ಥರಾದರು. ನಮ್ಮ ಮಂಗಳೂರಿನ ದಾರಿ ಬೇರೆ. ಇಲ್ಲಿನ ಮಕ್ಕಳು ಬೊಂಬಾಯಿಗೆ ಹೋದರು, ಕೊಲ್ಲಿಗೆ ಹೋದರು, ಬ್ಯಾಂಕು ಸೇರಿದರು. ಪಣಂಬೂರಿನಲ್ಲಿ ಕರಾವಳಿ ಕಾವಲುಪಡೆಯ ಹಡಗುಗಳಿವೆ. ಆದರೆ ಅವು ನಮಗೆ ಸಂಜೆಯ ತಿರುಗಾಟದ ನೋಟ. ಶತ್ರುನೌಕೆಗಳು ಹೊಳೆಯೊಳಗೆ ಬಾರದಂತೆ ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯಲ್ಲಿ ಈಗ ಫೋಟೋ ತೆಗೆಸಿಕೊಳ್ಳುವವರದೇ ಮುತ್ತಿಗೆ.

ಆದ್ದರಿಂದ ಆ ಹುಡುಗ ಅಗ್ನಿವೀರನಾಗುತ್ತೇನೆಂದಾಗ ಅವನ ತಾಯಿ ನಮ್ಮ ಮನೆಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

“ನೀವೊಂದು ಮಾತು ಹೇಳಿ ಮಾಷ್ಟ್ರೇ. ಡಿಗ್ರಿ ಮುಗಿಸಿ ಬ್ಯಾಂಕಿನ ಪರೀಕ್ಷೆ ಬರೆಯಲಿ. ಅದಾದರೆ ಗಟ್ಟಿ ಕೆಲಸ.”

1931ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಕರಗಿಹೋದದ್ದು ನೆನಪಾಯಿತು, ಹೇಳಲಿಲ್ಲ. ಆಕೆಯ ಭಯ ಗುಂಡಿನದಲ್ಲ, ಲೆಕ್ಕದ್ದು. 2022ರಲ್ಲಿ ಬಂದ ಆ ಯೋಜನೆಯ ಪ್ರಕಾರ ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತೈದರವರೆಗೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಹಿಡಿದು ಮನೆಗೆ ಬರಬೇಕು. ಪಿಂಚಣಿಯಿಲ್ಲ. ಸೇನೆ ತರುಣವಾಗಿರಬೇಕು, ಪಿಂಚಣಿಯ ಭಾರ ಇಳಿಯಬೇಕು ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಜತೆಯವನಿಗಾಗಿ ಪ್ರಾಣ ಕೊಡುವ ಸಲಿಗೆ ನಾಲ್ಕು ವರ್ಷದ ಕರಾರಿನಲ್ಲಿ ಬೆಳೆದೀತೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಕನ್ನಡ ಮೇಷ್ಟ್ರಿಗೆ ಕಷ್ಟ ಬಂದರೆ ಆಶ್ರಯ ಶಾಸನವೇ. ಸುಮಾರು 450ರ ಹಲ್ಮಿಡಿ ಶಾಸನದ ಸಂಗತಿಯನ್ನು ಆಕೆಗೆ ಹೇಳಿದೆ. ಕದಂಬರ ಕಾಲದಲ್ಲಿ ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಎಂದು ಕೊಟ್ಟರು. ಎಂದರೆ ಕತ್ತಿ ತೊಳೆದು ಕೊಟ್ಟ ದತ್ತಿ. ಕತ್ತಿ ತೊಳೆದಿಟ್ಟ ಮೇಲೆ ಅದನ್ನು ಹಿಡಿದವನ ಗತಿಯೇನೆಂಬ ಚಿಂತೆ ನಮ್ಮ ನುಡಿಯಷ್ಟೇ ಹಳೆಯದು. ಸತ್ತವನ ಮನೆಯವರಿಗೆ ಬಿಡುವ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಮಾತೂ ಶಾಸನಗಳಲ್ಲಿ ಉಂಟು. ಅದನ್ನು ಆ ತಾಯಿಯ ಎದುರು ಎತ್ತಲಿಲ್ಲ.

ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಹುಡುಗ ಆರನೆಯ ಸೆಮಿಸ್ಟರಿನ ಪರೀಕ್ಷೆ ಬರೆದೇ ಹೊರಡಬೇಕೆಂದು ನಾನು ಒಪ್ಪಿಸುವುದು, ಆಮೇಲೆ ಅವರು ಅಡ್ಡಬರದಿರುವುದು—ಇಷ್ಟು ಒಪ್ಪಂದವಾಯಿತು. ಈಗ ಅವನು ಬೆಳಗ್ಗೆ ಪಣಂಬೂರಿನ ಮರಳಿನಲ್ಲಿ ಓಡುತ್ತಾನೆ, ಹತ್ತು ಗಂಟೆಗೆ ನನ್ನ ತರಗತಿಯಲ್ಲಿ ತೂಕಡಿಸುತ್ತಾನೆ. ನಾನು ಎಬ್ಬಿಸುವುದಿಲ್ಲ.

ಅಂದು ಗೇಟಿನವರೆಗೆ ಹೋದ ತಾಯಿ ತಿರುಗಿ ನಿಂತು ಕೇಳಿದ್ದರು:

“ಆ ಎರಡು ಊರು ಈಗ ಯಾರ ಹೆಸರಿನಲ್ಲಿ ಉಂಟು ಮಾಷ್ಟ್ರೇ?”