ಪದ್ಯದ ಪೀರಿಯಡ್ಡು

ಕನ್ನಡ ಪೀರಿಯಡ್ಡಿನಲ್ಲಿ ಪದ್ಯಕ್ಕೆ ಆಗುವ ಗತಿ ಎಲ್ಲರಿಗೂ ಗೊತ್ತಿರುವುದೇ. ಮೇಷ್ಟ್ರು ಒಮ್ಮೆ ಓದುತ್ತಾರೆ, ಕಠಿಣ ಪದಗಳ ಅರ್ಥ ಹೇಳುತ್ತಾರೆ, ಸಾರಾಂಶ ಬರೆಸುತ್ತಾರೆ. ಮರುದಿನ ಕಂಠಪಾಠ. ಒಪ್ಪಿಸಲಾರದವನು ತಲೆ ತಗ್ಗಿಸಿ ನಿಲ್ಲಬೇಕು. ಕೊನೆಗೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಪದ್ಯ ಮಾತ್ರ ಬರುವುದಿಲ್ಲ.

ಇದರಲ್ಲಿ ಮೇಷ್ಟ್ರೊಬ್ಬರನ್ನೇ ದೂರಿ ಫಲವಿಲ್ಲ. ಅವರಿಗೆ ಪಾಠ ಮುಗಿಸುವ ಅವಸರ. ಆದರೆ ಎಸ್ಸೆಸ್ಸೆಲ್ಸಿ ದಾಟಿದ ಎಷ್ಟೋ ಮಕ್ಕಳು ಮತ್ತೆ ಪದ್ಯದ ಪುಸ್ತಕ ಮುಟ್ಟುವುದಿಲ್ಲ. ಕಾವ್ಯದ ರುಚಿ ಹತ್ತಿದರೆ ಆ ಬೆಂಚಿನ ಮೇಲೆಯೇ ಹತ್ತಬೇಕು.

ಇದಕ್ಕೆ ದಾರಿಯುಂಟು, ಖರ್ಚೂ ಇಲ್ಲ. ಮೊದಲು ಪುಸ್ತಕ ಮುಚ್ಚಿಸಿ ಪದ್ಯವನ್ನು ಎರಡು ಸಲ ರಾಗವಾಗಿ ಓದುವುದು. ಗದುಗಿನ ಭಾರತವನ್ನು ಅಕ್ಷರ ಬಾರದವರೂ ಗಮಕಿಗಳ ಬಾಯಿಂದ ಕೇಳಿ ಸವಿದ ನಾಡಲ್ಲವೇ ಇದು?

ಆಮೇಲೆ ಚಪ್ಪಾಳೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು. ತರಗತಿಯ ಅರ್ಧಕ್ಕೆ ಮೂರರ ಗಣ, ಇನ್ನರ್ಧಕ್ಕೆ ನಾಲ್ಕರ ಗಣ. ಸಾಲಿಗೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ 23; ಅವುಗಳ ಕೊನೆಯ ಗುರುವಿಗೆ ಎಲ್ಲರೂ ಒಟ್ಟಿಗೆ ಡೆಸ್ಕು ತಟ್ಟಬೇಕು. ಸದ್ದಿಗೆ ಪಕ್ಕದ ಗಣಿತದ ಮೇಷ್ಟ್ರು ಇಣುಕಿಯಾರು. ಪದ್ಯದ ಒಟ್ಟು ಮಾತ್ರೆ 102 ಎಂದು ಮಕ್ಕಳು ಕೂಡಿ ಹೇಳಿದರೆ ಅವರಿಗೂ ಸಂತೋಷವೇ! ಪ್ರಸ್ತಾರವೆಂದರೆ ಮುಖ ಸಿಂಡರಿಸುವ ಹುಡುಗನಿಗೆ ಅದು ಕೈಯಿಂದ ಕಿವಿಗೆ ಬಂದಿರುತ್ತದೆ.

ಪ್ರಾಸವೂ ಆಟವೇ. ಬೋರ್ಡಿನ ಮೇಲೆ 'ಕಡಲು' ಎಂದು ಬರೆದು, ಎರಡನೆಯ ಅಕ್ಷರ ಡಕಾರವಿರುವ ಮಾತು ಕೇಳಿದರೆ 'ಒಡಲು', 'ಮಡಿಲು', 'ಗುಡುಗು' ಬರುತ್ತವೆ. ಯಾರೋ 'ಹಾಡು' ಅನ್ನುತ್ತಾರೆ. ಅಕ್ಷರ ಸರಿ, ಕಿವಿಗೇಕೋ ಒಗ್ಗದು. ಮೊದಲ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ ಎಂದು ಹೇಳಲು ಅದೇ ಸಮಯ. ಸಿಂಹಗಳ ನಡುವೆ ಆನೆ ನುಗ್ಗಿತೆಂದರೆ ಮಕ್ಕಳು ನಕ್ಕಾರು, ಮರೆಯಲಾರರು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗೆ ಮೂಲ ಇಂಗ್ಲಿಷ್ ಕವಿ ಬ್ರೌನಿಂಗನದು. ಇಲಿಗಳು ಮಾತ್ರ ಅಪ್ಪಟ ಕನ್ನಡದವು! ಅದನ್ನು ಆಡಿಸಿದ ಮೇಲೆ ಒಂದೇ ಪ್ರಶ್ನೆ ಸಾಕು: ಮಕ್ಕಳೆಲ್ಲ ಜೋಗಿಯ ಹಿಂದೆ ಹೋದ ಸಂಜೆ ಆ ಊರು ಹೇಗಿತ್ತು? ಉತ್ತರ ಗೈಡಿನಲ್ಲಿ ಸಿಗುವುದಿಲ್ಲ. ಆಡುವವರಿಲ್ಲದ ಬೀದಿಯನ್ನು, ಉಣ್ಣುವವರಿಲ್ಲದೆ ಆರಿದ ಅನ್ನವನ್ನು ಮಗು ತಾನೇ ಕಾಣಬೇಕು. ಗೌಡ ಮಾತಿಗೆ ತಪ್ಪಿದ್ದರ ಬೆಲೆ ಆಗ ತಿಳಿಯುತ್ತದೆ.

ಇದರಿಂದ ಹೆಚ್ಚು ಲಾಭ ಹಿಂದಿನ ಬೆಂಚಿನವರಿಗೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಗು ಸಾರಾಂಶದಲ್ಲಿ ತಡವರಿಸಬಹುದು, ಚಪ್ಪಾಳೆಯಲ್ಲಿ ತಡವರಿಸಬೇಕಾಗಿಲ್ಲ. ಅದರ ಅಜ್ಜಿಯ ಜೋಗುಳವನ್ನೂ ಹಾಡಿಸಿ, ತಾಳ ಹಾಕಿಸಿದರೆ, ತನ್ನ ಮನೆಯಲ್ಲೂ ಕಾವ್ಯವಿದೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಆವರೆಗೆ ಬಾಯಿಬಿಡದ ಮಗು ಅಂದು ಮುಂದಿನ ಬೆಂಚಿನವರಿಗೆ ಹೇಳಿಕೊಡಬಹುದು.

ಸಾರಾಂಶ ಬೇಡವೆಂದಲ್ಲ. ಪರೀಕ್ಷೆ ಇರುವವರೆಗೆ ಅದೂ ಇರಲಿ, ಆದರೆ ಕೊನೆಯಲ್ಲಿ ಬರಲಿ. ಊಟಕ್ಕೆ ಮೊದಲೇ ಎಲೆ ಎತ್ತುವ ಪದ್ಧತಿ ನಮ್ಮ ಯಾವ ಪಂಕ್ತಿಯಲ್ಲೂ ಇಲ್ಲ.