ಫೋಟೊ ಎಲ್ಲಿ ಹೋದವು?

ಹೋದ ಮಳೆಗಾಲ ಕೆರೆ ಏರಿ ಒಡೆದು ಗದ್ದೆಗೆ ನೀರು ನುಗ್ಗಿದಾಗ ತೆಗೆದ ಫೋಟೊಗಳನ್ನು ನಮ್ಮ ಪುಟ್ಟ ಆಫೀಸಿನ ಲಿನಕ್ಸ್ ಸರ್ವರ್‌ಗೆ ಹಾಕಿದ್ದೆ. ಅದರ ಒಂದು ಫೋಲ್ಡರಿಗೆ ಪಕ್ಕದ ಕೋಣೆಯ ಸ್ಟೋರೇಜ್ ಪೆಟ್ಟಿಗೆಯನ್ನು ನೆಟ್‌ವರ್ಕಿನಲ್ಲಿ ಜೋಡಿಸಿದ್ದೇವೆ. ಮೌಂಟ್ ಅಂತಾರಲ್ಲ, ಅದು. ಮಾರನೇ ದಿನ ನೋಡಿದರೆ ಒಂದೂ ಇಲ್ಲ! ಕಾರ್ಡ್ ಆಗಲೇ ಅಳಿಸಿದ್ದೆ. ಪರಿಹಾರದ ಅರ್ಜಿಗೆ ರೈತರು ಅವೇ ಫೋಟೊ ಕೇಳುತ್ತಿದ್ದರು.

ಆಗಿದ್ದಿಷ್ಟು. ಕರೆಂಟ್ ಹೋಗಿ ಬಂದಾಗ ಸರ್ವರ್ ಮೊದಲು ಎದ್ದಿತ್ತು, ಪೆಟ್ಟಿಗೆ ತಡವಾಗಿ. ಮೌಂಟ್ ಆಗದೆ ಫೋಟೊಗಳು ಸರ್ವರ್‌ನದೇ ಡಿಸ್ಕಿನ ಖಾಲಿ ಫೋಲ್ಡರಿಗೆ ಬಿದ್ದಿದ್ದವು. ಆಮೇಲೆ ಗೆಳೆಯ ಮೌಂಟ್ ಮಾಡಿದಾಗ ಪೆಟ್ಟಿಗೆಯ ಫೈಲುಗಳು ಮೇಲೆ ಹಾಸಿಕೊಂಡು, ಚಾಪೆಯಡಿಯ ಚೀಟಿಯಂತೆ ಇವು ಮರೆಯಾದವು. 'ಯುಮೌಂಟ್' ಕೊಟ್ಟು ಚಾಪೆ ಎತ್ತಿದೆ. ಎಲ್ಲವೂ ಅಲ್ಲೇ!

ಈಗ ಕಾಪಿಗೆ ಮೊದಲು 'ಮೌಂಟ್‌ಪಾಯಿಂಟ್' ಕಮಾಂಡ್ ಕೊಟ್ಟು ನೋಡುತ್ತೇನೆ. ಕಾರ್ಡನ್ನಂತೂ ಎರಡು ದಿನ ಮುಟ್ಟುವುದಿಲ್ಲ.