ಕೌದಿಯ ಮೂಲೆಯ ಹೆಸರು

ಸಿದ್ದಾಪುರದ ನಮ್ಮ ಮನೆಯಲ್ಲಿ ಹೂವಿನ ಹತ್ತಿ ಬಟ್ಟೆಗೆ ‘ಛೀಂಟ್’ ಎನ್ನುತ್ತೇವೆ. ಹಾಲೆಂಡಿನವರ ಬಾಯಲ್ಲಿ ಅದೇ ‘ಸಿಟ್ಸ್’. 17, 18ನೇ ಶತಮಾನಗಳಲ್ಲಿ ಡಚ್ಚರ ಹಡಗುಗಳು ಕೋರಮಂಡಲ ಕರಾವಳಿಯಿಂದ ಈ ಬಟ್ಟೆಯನ್ನು ಒಯ್ದವು. 2017ರಲ್ಲಿ ಅಲ್ಲಿನ ಲೇವಾರ್ಡನ್ ಪಟ್ಟಣದ ಫ್ರೀಸ್ ಮ್ಯೂಸಿಯಂ ಇವುಗಳದ್ದೇ ಒಂದು ಪ್ರದರ್ಶನ ಏರ್ಪಡಿಸಿತ್ತು. ಪಟಿಕದ ನೀರು, ಬೇರಿನ ಕೆಂಪು; ಒಗೆದರೂ ಬಣ್ಣ ಮಾಸದು. ಆದರೆ ಆ ಹೂಗಳನ್ನು ಬಿಡಿಸಿದ ನಮ್ಮ ನಾಡಿನ ಕೈಗಳಲ್ಲಿ ಬಹುತೇಕರ ಹೆಸರು ಉಳಿಯಲಿಲ್ಲ.

ಇದನ್ನು ಓದಿ ಮಗಳಿಗೆ ಹೇಳುತ್ತಿದ್ದೆ. ಅವಳು ನನ್ನ ದಾದಿ ಛೀಂಟ್ ತುಂಡುಗಳಿಂದ ಹೊಲಿದ ಕೌದಿಯನ್ನು ತೋರಿಸಿ, “ಅಮ್ಮಿ, ಇದನ್ನು ಹೊಲಿದವರ ಹೆಸರೇನು?” ಎಂದಳು. ಮನೆಮಂದಿಯೆಲ್ಲ ಅವರನ್ನು ದಾದಿ ಎಂದೇ ಕರೆದವರು. ಹಿರಿಯ ಫುಪ್ಪಿಯನ್ನು ಕೇಳಿ ತಿಳಿದು, ಮಗಳ ಕೈಯಿಂದಲೇ ಕೌದಿಯ ಮೂಲೆಯಲ್ಲಿ ಆ ಹೆಸರು ಹೊಲಿಸಿದೆ.

ಸೋದರಿಯರೇ, ನಿಮ್ಮ ಮನೆಯ ಕೌದಿ ಹೊಲಿದವರು ಯಾರೆಂದು ಮಕ್ಕಳಿಗೆ ಗೊತ್ತೇ?